ಮೂರು ಸಲ ಸೆಮೆನ್ ಹಾಕಿಸಿದರೂ ಹಸು ಗಬ್ಬ ನಿಂತಿಲ್ಲ. ಹಾರ್ಮೋನ್ ಇಂಜೆಕ್ಷನ್ ಕೊಡಿಸಲಾ, ಮಾರಿಬಿಡಲಾ?

ಸದ್ಯಕ್ಕೆ ಎರಡೂ ಬೇಡ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನಮ್ಮ ಗೌರಿಯ ಬಾಲ ಕಣ್ಣ ಮುಂದೆ ಬಂತು.

ರಾಜಾನುಕುಂಟೆ ಹತ್ತಿರ ನಮ್ಮದು ಎರಡು ಸೀಮೆ ಹಸುವಿನ ಕೊಟ್ಟಿಗೆ. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಎಂಟರ ಬಸ್ಸಿಗೆ ನಾನು ಯಲಹಂಕದ ಕೆಲಸಕ್ಕೆ. ಹಸು ನೋಡಿಕೊಳ್ಳುವುದು ಅಂದರೆ ನನ್ನ ಲೆಕ್ಕದಲ್ಲಿ ಆ ಒಂದು ಗಂಟೆ. ಒಂದು ದಿನ ಗೌರಿಯ ಬಾಲದ ಕೂದಲಿಗೆ ರಕ್ತ ಅಂಟಿತ್ತು, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಇದೇ ಬೆದೆ, ಅಂದರೆ ಹಸು ಗಬ್ಬಕ್ಕೆ ಸಿದ್ಧವಾದ ಹೊತ್ತು, ಅಂದುಕೊಂಡೆ. ಫೋನ್ ಮಾಡಿ ಸೆಮೆನ್ ಹಾಕಿಸಿದೆ. ಮೂರು ವಾರ ಬಿಟ್ಟು ಮತ್ತೆ ರಕ್ತ, ಮತ್ತೆ ಫೋನ್. ಹೀಗೆ ನಾಲ್ಕು ಸಲ. ಸೆಮೆನ್ ತುಂಬಿದ ಸ್ಟ್ರಾ ಸರಿಯಿಲ್ಲ ಅಂದೆ, ಹಿಂಡಿ ಸರಿಯಿಲ್ಲ ಅಂದೆ, ಕೊನೆಗೆ ಹಸುವೇ ಗೊಡ್ಡು ಅಂದೆ. 70 ಸಾವಿರಕ್ಕೆ ತಂದಿದ್ದನ್ನು 32 ಸಾವಿರಕ್ಕೆ ಪಕ್ಕದ ಬೀದಿಯ ಅಜ್ಜಿಗೆ ಕೊಟ್ಟುಬಿಟ್ಟೆ.

ಅಜ್ಜಿ ಹಾಕಿಸಿದ್ದು ಒಂದೇ ಸಲ, ಗಬ್ಬ ನಿಂತಿತು. ಕರು ಹಾಕಿದಾಗ ನಮ್ಮನೆಗೆ ಒಂದು ಡಬ್ಬಿ ಗಿಣ್ಣುಹಾಲು ಬೇರೆ ಕಳಿಸಿದರು. ಹೆಂಡತಿ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿದಳು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಡಬ್ಬಿ ವಾಪಸ್ ಕೊಡಲು ಹೋದಾಗ ಕೇಳಿಯೇಬಿಟ್ಟೆ. "ರಕ್ತ ಕಂಡ್ರೆ ಬೆದೆ ಮುಗೀತು ಅಂತ ಕಣಪ್ಪ. ನೀನು ಬಸ್ಸು ಹೋದ್ಮೇಲೆ ಕೈ ಅಡ್ಡ ಹಾಕ್ತಿದ್ದೆ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಾನು ಕೆಟ್ಟಿದ್ದೇ ಇಲ್ಲಿ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ಇರುವುದು 12ರಿಂದ 18 ಗಂಟೆ, ಅಷ್ಟೇ. ಅದು ಮುಗಿದು 10-12 ಗಂಟೆಗೆ ಹಸುವಿನ ಒಳಗೆ ಮೊಟ್ಟೆ (ಅಂಡಾಣು) ಬಿಡುಗಡೆ. ಆ ಮೊಟ್ಟೆಯ ಆಯಸ್ಸು ಅರ್ಧ ದಿನವೂ ದಾಟುವುದು ಕಷ್ಟ. ರಕ್ತ ಕಾಣುವುದು ಬೆದೆ ಕಳೆದು ಒಂದೆರಡು ದಿನಕ್ಕೆ, ಕೆಲವಕ್ಕೆ ಮೂರು. ನಾನು ಫೋನ್ ಮಾಡುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತಿತ್ತು! ಇನ್ನೊಂದು, ರಕ್ತ ಬಂದರೆ ಗಬ್ಬ ನಿಂತಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ಅದೂ ಸುಳ್ಳು, ನಿಂತ ಹಸುವಿಗೂ ಬರಬಹುದು.

ನಿಜವಾದ ಗುರುತು, ಬೇರೆ ಹಸು ಮೇಲೆ ಹತ್ತಿದರೂ ಅಲ್ಲಾಡದೆ ನಿಲ್ಲುವುದು. ಜೊತೆಗೆ ಕೋಳಿಮೊಟ್ಟೆಯ ಬಿಳಿಯಂಥ ಲೋಳೆ, ದಾರದ ಹಾಗೆ ಇಳಿಯುತ್ತದೆ. ಬೆಳಿಗ್ಗೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಆದರೆ ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಕಟ್ಟಿದ ಹಸುವಿನ ಮೇಲೆ ಇನ್ನೊಂದು ಹತ್ತುವುದಾದರೂ ಹೇಗೆ? ನಾನು ಗೌರಿಯನ್ನು ಹಾಗೇ ಕಟ್ಟುತ್ತಿದ್ದೆ. ಅಜ್ಜಿ ಅಂಗಳದಲ್ಲಿ ಬಿಟ್ಟಿದ್ದರು. ರಾತ್ರಿ ಊಟ ಆದಮೇಲೆ ಒಂದು ಸಲ, ಬೆಳಗಿನ ಜಾವ ಒಂದು ಸಲ ಟಾರ್ಚ್ ಹಿಡಿದು ಸುಮ್ನೆ ನೋಡುತ್ತಿದ್ದರು. ಬೇಸಿಗೆಯಲ್ಲಿ ಬೆದೆ ಇನ್ನೂ ಮಂಕು, ಅದೂ ಜಾಸ್ತಿ ರಾತ್ರಿಯೇ.

ಹಾರ್ಮೋನ್ ಇಂಜೆಕ್ಷನ್ ವಿಷಯ. ಬೆದೆಗೆ ತರಿಸುವ ಸಾಮಾನ್ಯ ಇಂಜೆಕ್ಷನ್ ಗಬ್ಬದ ಹಸುವಿಗೆ ಬಿದ್ದರೆ ಹಸು ಕಂದು ಹಾಕಿಬಿಡುತ್ತದೆ, ಅಂದರೆ ಗರ್ಭ ಹೋಗಿಬಿಡುತ್ತದೆ. ಹಾಗಾಗಿ ಡಾಕ್ಟರ್ ಕೈ ಹಾಕಿ ಗರ್ಭಕೋಶ ನೋಡದೆ ಮುಟ್ಟಲೇಬೇಡಿ. ಲೋಳೆ ಕದಡಿದ್ದರೆ, ಕೀವು ಕಂಡರೆ, ಆಗ ಸೋಂಕಿನ ಚಿಕಿತ್ಸೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲಿ ವಿಚಾರಿಸಿ. ಮಿನರಲ್ ಮಿಕ್ಸ್ಚರ್ ದಿನಾ ಕೊಡಿ, ಆದರೆ ತಪ್ಪು ಹೊತ್ತಿಗೆ ಹಾಕಿಸಿದ ಸೆಮೆನ್‌ಗೆ ಅದು ಮದ್ದಲ್ಲ.

ಈಗ ರಕ್ತ ಕಂಡರೆ ತಾರೀಖು ಕ್ಯಾಲೆಂಡರ್ ಮೇಲೆ ಬರೆಯಿರಿ. ಹದಿನೇಳನೇ ದಿನದಿಂದ ರಾತ್ರಿ ಕಾಯಿರಿ.

ಅಂದಹಾಗೆ, ಆ ಮೂರು ಸಲವೂ ನೀವು ಏನು ನೋಡಿ ಫೋನ್ ಮಾಡಿದ್ದು? ಅದನ್ನೇ ನೀವು ಪ್ರಶ್ನೆಯಲ್ಲಿ ಬರೆದಿಲ್ಲ.