ದನಿ ತಾಳದ ಹಿಂದೆ ಬೀಳುತ್ತಿದ್ದರೆ ಮೈಕ್ ಬದಲಿಸಬೇಡಿ

ಪ್ರಶ್ನೆ: ಉತಾಉ ಗಾಯನ ತಂತ್ರಾಂಶಕ್ಕೆ ನನ್ನ ದನಿಯಲ್ಲೇ ಕನ್ನಡ ವಾಯ್ಸ್‌ಬ್ಯಾಂಕ್ (ಮುದ್ರಿಸಿಟ್ಟ ಉಚ್ಚಾರದ ತುಣುಕುಗಳ ಸಂಗ್ರಹ) ಮಾಡಿದ್ದೇನೆ. ಪ್ರತಿ ಅಕ್ಷರವೂ ತಾಳದ ಹಿಂದೆ ಬೀಳುತ್ತದೆ. ‘ಅಕ್ಕ’ ಎಂದರೆ ‘ಅಕ’ ಎಂದು ಕೇಳುತ್ತದೆ. ಒಳ್ಳೆಯ ಮೈಕ್ ಕೊಳ್ಳಲೇ?

ಉತ್ತರ: ದುಡ್ಡು ಹಾಳುಮಾಡಬೇಡಿ. ಈ ದೂರು ಪದೇ ಪದೇ ಬರುತ್ತದೆ, ತಪ್ಪು ಸಿಗುವುದು ಮಾತ್ರ ಪ್ರತಿ ತುಣುಕಿನ ಗುರುತುಗಳನ್ನು ಬರೆದಿಡುವ ಓಟೋ.ಐಎನ್ಐ ಕಡತದ ಪ್ರೀಅಟರೆನ್ಸ್ ಅಂಕಣದಲ್ಲಿ, ಎಂದರೆ ತಾಳದ ಪೆಟ್ಟಿಗಿಂತ ಎಷ್ಟು ಮೊದಲು ದನಿ ಶುರುವಾಗಬೇಕು ಎಂಬ ಅಂಕಿಯಲ್ಲಿ. ಅದನ್ನು ಸೊನ್ನೆಗೇ ಬಿಟ್ಟಿರುತ್ತೀರಿ. ಹಾಡುವವರು ತಾಳದ ಪೆಟ್ಟಿಗೆ ಕೂರಿಸುವುದು ಸ್ವರವನ್ನು, ವ್ಯಂಜನವನ್ನಲ್ಲ. ‘ಸಾ’ದ ಸಕಾರ 120 ಮಿಲಿಸೆಕೆಂಡ್ ಇದ್ದು ಪ್ರೀಅಟರೆನ್ಸ್ ಸೊನ್ನೆಯಾದರೆ ‘ಆ’ ಸ್ವರ ಅಷ್ಟೂ ತಡವಾಗುತ್ತದೆ.

ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ. ತುಣುಕಿನ ಆರಂಭ ತೋರಿಸುವ ಆಫ್‌ಸೆಟ್ ಗೆರೆ ವ್ಯಂಜನ ಶುರುವಾಗುವ ತುಸು ಮೊದಲು ಬರಲಿ, ಪ್ರೀಅಟರೆನ್ಸ್ ಗೆರೆ ಸ್ವರದ ಮೊದಲ ಪೂರ್ಣ ಅಲೆಯ ಮೇಲೆ. ಕಾನ್ಸೊನೆಂಟ್ ಗೆರೆಯನ್ನು ಸ್ವರ ನೆಲೆನಿಂತ ಮೇಲೆಯೇ ಇಡಿ. ಅದರ ಎಡಕ್ಕಿರುವುದು ಹಿಗ್ಗುವುದಿಲ್ಲ, ಬಲಕ್ಕಿರುವುದಷ್ಟೇ ಹಿಗ್ಗುತ್ತದೆ. ಸ್ವರ ಕುಗ್ಗತೊಡಗುವ ಮುನ್ನವೇ ಕಟಾಫ್, ಅಂದರೆ ತುಣುಕಿನ ಕೊನೆಯ ಗೆರೆ. ಹಿಂದಿನ ನೋಟ್‌ನೊಡನೆ ಬೆರೆಯುವ ಭಾಗವಾದ ಓವರ್‌ಲ್ಯಾಪ್ ಎಲ್ಲಕ್ಕೂ ಒಂದೇ ಅಲ್ಲ. ಮ, ನ, ಲಗಳಿಗೆ ಪ್ರೀಅಟರೆನ್ಸ್‌ನ ಮೂರನೇ ಒಂದು ಪಾಲು ಸಾಕು. ಕ, ಟ, ಪಗಳಲ್ಲಿ ಸಿಡಿತಕ್ಕೆ ಮುಂಚಿನ ಮೌನದೊಳಗೇ ಅದು ಮುಗಿಯಬೇಕು, ಇಲ್ಲದಿದ್ದರೆ ಸಿಡಿತವೇ ಮಂಕಾಗುತ್ತದೆ.

ಇನ್ನು ಒತ್ತಕ್ಷರ. ‘ಕ್ಕ’ದ ಜೀವ ಇರುವುದು ಆ ಮೌನದಲ್ಲಿ, ಅದಕ್ಕೆ ಬೇಕಾದ ಹೊತ್ತು ಹಿಂದಿನ ಸ್ವರದಿಂದ ಕಡಿತವಾಗಬೇಕು. ಬಿಡಿ ‘ಕ’ ಮುದ್ರಿಸಿ ಹಿಗ್ಗಿಸಿದರೆ ಎಂದೂ ಒತ್ತು ಬಾರದು. ‘ಅಕ್ಕ’ ಇಡಿಯಾಗಿ ಮುದ್ರಿಸಿ, ಮೊದಲ ಅಕಾರದ ನಡುವೆ ಆಫ್‌ಸೆಟ್ ಇಟ್ಟು, ಎರಡನೆಯ ಅಕಾರದ ಆರಂಭಕ್ಕೆ ಪ್ರೀಅಟರೆನ್ಸ್ ಕೊಡಿ. ಹಿಂದಿನ ನೋಟ್ ತೀರಾ ಚಿಕ್ಕದಾದರೆ ತಂತ್ರಾಂಶವೇ ಈ ಮುಂಭಾಗವನ್ನು ಕತ್ತರಿಸುತ್ತದೆ, ಒತ್ತು ಮತ್ತೆ ಮಾಯ. ದ್ರುತಗತಿಯ ಹಾಡುಗಳಿಗೆ ‘ಅಕ್’ ತುಂಡನ್ನೇ ಬೇರೆ ನೋಟ್ ಆಗಿ ಇಡುವುದು ಕ್ಷೇಮ.

ತುಣುಕುಗಳ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲೇ ಕೊಡಿ. ಮೂಲ ಉತಾಉ ಓದುವ ಶಿಫ್ಟ್-ಜಿಸ್ ಎಂಬ ಜಪಾನಿ ಅಕ್ಷರಸಂಕೇತದಲ್ಲಿ ಕನ್ನಡ ಲಿಪಿಯೇ ಇಲ್ಲ. ವೇವ್ ಕಡತ ತಿದ್ದಿದ ಮೇಲೆ ಅದರ ಶ್ರುತಿಯ ಅಳತೆ ಇಟ್ಟಿರುವ ಹಳೆಯ ಎಫ್‌ಆರ್‌ಕ್ಯೂ ಕಡತ ಅಳಿಸಿ, ಅದು ಉಳಿದರೆ ಶ್ರುತಿ ಕೆಡುತ್ತದೆ. ನಾಯ್ಸ್ ರಿಮೂವಲ್ ಅತಿಯಾದರೆ ಸ, ಶ ಎರಡೂ ಸವೆದುಹೋಗುತ್ತವೆ. ಫ್ಯಾನ್ ಆರಿಸಿ ಮತ್ತೆ ಮುದ್ರಿಸಿ.

ಪ್ರಶ್ನೆ: ಜಪಾನಿ ವಾಯ್ಸ್‌ಬ್ಯಾಂಕ್‌ನಲ್ಲಿ ಕನ್ನಡ ಹಾಡಿಸಬಹುದೇ?

ಬೇಡ. ಆ ಭಾಷೆಯಲ್ಲಿ ಣ, ಳ ಇಲ್ಲ, ಮಹಾಪ್ರಾಣವಿಲ್ಲ, ರ-ಲ ಭೇದವಿಲ್ಲ.

ಪ್ರಶ್ನೆ: ವೊಕಲಾಯ್ಡ್ ಎಂದರೆ ಆಟೋಟ್ಯೂನ್ ತಾನೇ?

ಅಲ್ಲ. ಆಟೋಟ್ಯೂನ್ ಹಾಡಿದ್ದನ್ನು ತಿದ್ದುತ್ತದೆ. 2003ರಲ್ಲಿ ಯಮಾಹಾ ಘೋಷಿಸಿದ ವೊಕಲಾಯ್ಡ್, ರಾಗದ ಸ್ವರ, ಸಾಹಿತ್ಯ ಕೊಟ್ಟರೆ ಹಾಡನ್ನೇ ಕಟ್ಟುತ್ತದೆ.

ಪ್ರಶ್ನೆ: ಒಂದು ನಿಮಿಷದ ಕ್ಲಿಪ್ ಕೊಟ್ಟರೆ ಅಗಲಿದ ಗಾಯಕರಿಂದ ಹಾಡಿಸಿಕೊಡುತ್ತೇವೆ ಎನ್ನುತ್ತಾರೆ. ಹಣ ಕೊಡಲೇ?

ಒಂದು ಪೈಸೆಯನ್ನೂ ಕೊಡಬೇಡಿ. ಅವರು ಮಾರುವುದು ಬಹುಪಾಲು ದನಿ ಬದಲಿಸುವ ಉಪಕರಣ. ಮೊದಲು ಬೇರೊಬ್ಬರು ಹಾಡಲೇಬೇಕು, ಗಮಕ, ಉಸಿರು ಎಲ್ಲ ಅವರದೇ ಆಗಿರುತ್ತದೆ, ಮೇಲಿನ ಬಣ್ಣವಷ್ಟೇ ಬದಲು. 2007ರ ಹಾತ್ಸುನೆ ಮಿಕು ಎಂಬ ವೊಕಲಾಯ್ಡ್ ದನಿಗೆ ಕಂಠದಾನ ಕಲಾವಿದೆ ಸಾಕಿ ಫುಜಿತಾ ತಾವೇ ಒಪ್ಪಿ ದನಿ ಮುದ್ರಿಸಿದ್ದರು. ಸತ್ತವರನ್ನು ಹಾಗೆ ಕೇಳಲಾಗದು. ಲಿಖಿತ ಒಪ್ಪಿಗೆಯಿಲ್ಲದ ದನಿಗಳ ಕುರಿತ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ.