ಗುಂಡು ತಾಗದೆ ಸತ್ತ ಹುಡುಗ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕಳೆದ ಸಂಚಿಕೆಯಲ್ಲಿ ವಿಷಮಶೀತಜ್ವರದ ಬಗ್ಗೆ, ಅಂದರೆ ಟೈಫಾಯ್ಡ್ ಬಗ್ಗೆ ಬರೆಯುವಾಗ ಜಿಮ್ ಮಾರ್ಟಿನ್ ಎಂಬ ಆಸ್ಟ್ರೇಲಿಯಾದ ಸೈನಿಕನ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಒಂದನೇ ಮಹಾಯುದ್ಧದಲ್ಲಿ, ಟರ್ಕಿಯ ಗಲ್ಲಿಪೋಲಿ ಪರ್ಯಾಯದ್ವೀಪದ ಕಂದಕದಲ್ಲಿ ಆ ಜ್ವರ ಹತ್ತಿ, 14 ವರ್ಷ 9 ತಿಂಗಳ ವಯಸ್ಸಿಗೆ ತೀರಿಕೊಂಡವನು. ಬಂದ ಪತ್ರಗಳಲ್ಲಿ ಜ್ವರದ ಬಗ್ಗೆ ಕೇಳಿದವರಿಗಿಂತ ಆ ಹುಡುಗನ ಬಗ್ಗೆ ಕೇಳಿದವರೇ ಹೆಚ್ಚು. ಮಂಡಿನೋವು, ರಕ್ತದೊತ್ತಡದ ಪತ್ರಗಳು ಮುಂದಿನ ಸಂಚಿಕೆಗೆ ಕಾಯಲಿ. ಈ ಸಲದ ಪುಟ ಅವನದು.

ಹದಿನಾಲ್ಕು ವರ್ಷದ ಹುಡುಗನನ್ನು ಸೈನ್ಯಕ್ಕೆ ಹೇಗೆ ಸೇರಿಸಿಕೊಂಡರು? ಹೆತ್ತವರಾದರೂ ಹೇಗೆ ಕಳಿಸಿದರು? ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.
— ಇಬ್ಬರು ಗಂಡುಮಕ್ಕಳ ತಾಯಿ

ಜಿಮ್ ಹುಟ್ಟಿದ್ದು 1901ರ ಜನವರಿ 3ರಂದು, ನ್ಯೂ ಸೌತ್ ವೇಲ್ಸ್‌ನ ಟೊಕುಮ್ವಾಲ್ ಎಂಬ ಊರಲ್ಲಿ. ಮುಂದೆ ಕುಟುಂಬ ಮೆಲ್ಬರ್ನ್‌ನ ಹಾಥಾರ್ನ್‌ನಲ್ಲಿ ನೆಲೆಸಿತು. ಅಕ್ಕತಂಗಿಯರ ನಡುವೆ ಇವನೊಬ್ಬನೇ ಗಂಡು. ಶಾಲೆ ಬಿಟ್ಟು ಹೊಲದ ಕೆಲಸಕ್ಕೆ ಹೋಗುತ್ತಿದ್ದ. ಯುದ್ಧ ಶುರುವಾದಾಗ ಮೊದಲು ಸೇರಲು ಹೋದವನು ಅಪ್ಪ. ಅವನನ್ನು ತೆಗೆದುಕೊಳ್ಳಲಿಲ್ಲ. ಹಾಗಾದರೆ ನಾನು ಹೋಗುತ್ತೇನೆ ಎಂದು ಮಗ ಎದ್ದು ನಿಂತ.

ಆಗ ಆಸ್ಟ್ರೇಲಿಯಾದಲ್ಲಿ ಸೈನ್ಯಕ್ಕೆ ಸೇರಲು ಕನಿಷ್ಠ 18 ವರ್ಷ ಆಗಿರಬೇಕಿತ್ತು. 21 ತುಂಬದವರು ಹೆತ್ತವರ ಒಪ್ಪಿಗೆ ಪತ್ರ ತರಬೇಕಿತ್ತು. ಜನನ ಪ್ರಮಾಣಪತ್ರವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಹುಡುಗ ಎತ್ತರವಾಗಿದ್ದು, ದನಿ ಒಡೆದಿದ್ದು, 18 ಎಂದು ಧೈರ್ಯವಾಗಿ ಹೇಳಿದರೆ ಗುಮಾಸ್ತ ಅಷ್ಟನ್ನೇ ಬರೆದುಕೊಳ್ಳುತ್ತಿದ್ದ. 1915ರ ಏಪ್ರಿಲ್‌ನಲ್ಲಿ ಜಿಮ್ ಮೆಲ್ಬರ್ನ್‌ನಲ್ಲಿ ಹಾಗೆಯೇ ಹೇಳಿ 21ನೇ ಬೆಟಾಲಿಯನ್ ಸೇರಿದ.

ಇನ್ನು ತಾಯಿಯ ಮಾತು. ಅಮೀಲಿಯಾ ಸುಲಭಕ್ಕೆ ಒಪ್ಪಿದವಳಲ್ಲ. ಒಪ್ಪದಿದ್ದರೆ ಮನೆಬಿಟ್ಟು ಓಡಿಹೋಗುತ್ತೇನೆ, ಬೇರೆ ಹೆಸರಲ್ಲಿ ಸೇರುತ್ತೇನೆ, ಆಮೇಲೆ ನಿಮಗೆ ಕಾಗದವನ್ನೇ ಬರೆಯುವುದಿಲ್ಲ ಎಂದು ಮಗ ಪಟ್ಟುಹಿಡಿದ. ಮಗ ಹೋಗುವುದಂತೂ ಹೋಗುತ್ತಾನೆ, ಕಾಗದವಾದರೂ ಬರಲಿ ಎಂದು ಅವಳು ಸಹಿ ಹಾಕಿರಬೇಕು. ಆ ಸಹಿಗಾಗಿ ಅವಳನ್ನು ದೂರಲು ನನ್ನಿಂದಾಗದು, ನೀವೂ ದೂರಬೇಡಿ. ದೂರುವುದಾದರೆ ಒಂದು ಚೀಟಿ ಕೇಳದ ಕಚೇರಿಯನ್ನು ದೂರೋಣ.

ಇನ್ನೊಂದು ವಿಷಯ ತಿಳಿದಿರಲಿ. ಆ ಯುದ್ಧದಲ್ಲಿ ಆಸ್ಟ್ರೇಲಿಯಾ ಹೊರದೇಶಕ್ಕೆ ಕಳಿಸಿದ ಸೈನಿಕರೆಲ್ಲ ತಾವಾಗಿಯೇ ಸೇರಿದವರು. ಕಡ್ಡಾಯ ಮಾಡೋಣವೇ ಎಂದು 1916ರಲ್ಲಿ, ಮತ್ತೆ 1917ರಲ್ಲಿ ಸರ್ಕಾರ ಜನಮತ ಕೇಳಿತು. ಎರಡು ಸಲವೂ ಜನ ಬೇಡವೆಂದರು.

ನಾನೂ ಸೈನ್ಯದಲ್ಲಿದ್ದವನು, ಆದ್ದರಿಂದ ನೇರವಾಗಿ ಕೇಳುತ್ತೇನೆ. ಗುಂಡಿಗೆ ಎದೆಯೊಡ್ಡಿ ಸತ್ತವನನ್ನೂ ಜ್ವರ ಬಂದು ಸತ್ತವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯೇ? ಜ್ವರ ಮನೆಯಲ್ಲಿದ್ದರೂ ಬರಬಹುದಿತ್ತಲ್ಲ?
— ನಿವೃತ್ತ ಹವಾಲ್ದಾರ್

ನಿಮ್ಮ ಪ್ರಶ್ನೆಯ ಹಿಂದಿರುವ ಗೌರವ ನನಗೆ ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಏಕೆಂದರೆ ಈ ಜ್ವರ ಅವನಿಗೆ ಮನೆಯಲ್ಲಿ ಬಂದದ್ದಲ್ಲ, ಅಲ್ಲಿ ಬಂದದ್ದು. ಆ ಜಾಗವನ್ನೊಮ್ಮೆ ನೋಡಿ.

ಗಲ್ಲಿಪೋಲಿಯಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪಡೆಗಳು ಹಿಡಿದಿದ್ದ ನೆಲ ಸಮುದ್ರದ ದಂಡೆಗೆ ಅಂಟಿದ ಒಂದಿಷ್ಟು ಗುಡ್ಡ, ಕಡಿದಾದ ಕೊರಕಲು. ಅಷ್ಟು ಜಾಗದಲ್ಲೇ ಸಾವಿರಾರು ಜನ ಉಣ್ಣಬೇಕು, ಮಲಗಬೇಕು, ಶೌಚಕ್ಕೂ ಹೋಗಬೇಕು. ಎರಡೂ ಕಡೆಯ ಕಂದಕಗಳ ನಡುವಿನ ಬಯಲಲ್ಲಿ ಹೆಣಗಳು ಬಿದ್ದಿದ್ದವು. ತರಲು ಹೋದವನೂ ಹೆಣವಾಗುತ್ತಿದ್ದ. ಬೇಸಿಗೆ ಏರಿದಂತೆ ನೊಣ ಹೆಚ್ಚಿತು. ಬಿಸ್ಕತ್ತಿನ ಮೇಲೆ ಜಾಮ್ ಹಚ್ಚಿ ಬಾಯಿಗೆ ಒಯ್ಯುವಷ್ಟರಲ್ಲಿ ಅದು ಕಪ್ಪಗಾಗುತ್ತಿತ್ತು. ಶೌಚದ ಗುಂಡಿಯ ಮೇಲಿಂದ, ಹೆಣದ ಮೇಲಿಂದ ಎದ್ದು ಬಂದ ನೊಣಗಳೇ ಅವು. ಊಟವೆಂದರೆ ಡಬ್ಬಿಯ ಉಪ್ಪುಮಾಂಸ, ಹಲ್ಲು ಮುರಿಯುವ ಬಿಸ್ಕತ್ತು. ತಾಜಾ ತರಕಾರಿ ಕಾಣುವುದೇ ಅಪರೂಪ. ಕುಡಿಯುವ ನೀರು ಈಜಿಪ್ಟಿನಿಂದ ಹಡಗಿನಲ್ಲಿ ಬರಬೇಕು. ದಂಡೆಗೆ ಬಂದ ನೀರನ್ನು ಹೇಸರಗತ್ತೆಗಳ ಮೇಲೆ ಗುಡ್ಡಕ್ಕೆ ಸಾಗಿಸುತ್ತಿದ್ದವರಲ್ಲಿ ಭಾರತದ ಸಾಗಣೆ ಪಡೆಯವರೂ ಇದ್ದರು. ಹಾಗೆ ಬಂದ ನೀರು ಕುಡಿಯಲಿಕ್ಕೇ ಸಾಲದು, ಕೈ ತೊಳೆಯಲು ಎಲ್ಲಿಂದ ಬರಬೇಕು?

ಆಮಶಂಕೆಯಿಂದ, ಜ್ವರದಿಂದ ಜನ ಸೋತುಹೋಗಿದ್ದರು. ಏಪ್ರಿಲ್‌ನಿಂದ ಅಲ್ಲಿದ್ದ ಹಳೆಯ ತುಕಡಿಗಳನ್ನು ಬಿಡುಗಡೆ ಮಾಡಲೆಂದೇ ಸೆಪ್ಟೆಂಬರ್‌ನಲ್ಲಿ ಹೊಸ ಡಿವಿಷನ್ ತರಿಸಿದರು. ಜಿಮ್ ಬಂದದ್ದು ಅದರಲ್ಲಿ. ದಾರಿಯಲ್ಲೇ, ಸೆಪ್ಟೆಂಬರ್ 2ರಂದು, ಅವನಿದ್ದ ಸೌತ್‌ಲ್ಯಾಂಡ್ ಹಡಗಿಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ನಾಲ್ಕು ಗಂಟೆ ಸಮುದ್ರದಲ್ಲಿದ್ದು ಬದುಕಿ ಬಂದ. ಅಲ್ಲಿಂದ ಹಿಂದಕ್ಕೆ ಹೋಗಲು ಅವನಿಗೆ ದಾರಿಯಿತ್ತು. ನನಗೆ 14 ವರ್ಷ ಎಂದು ಒಂದು ಮಾತು ಬಾಯಿಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಗಲ್ಲಿಪೋಲಿಯ ಕಂದಕದಲ್ಲಿದ್ದ.

ಅಕ್ಟೋಬರ್ 9ರಂದು ಮನೆಗೆ ಬರೆದ ಕಾಗದದಲ್ಲಿ, ತಾನು ಚೆನ್ನಾಗಿದ್ದೇನೆ, ಚಿಂತೆ ಬೇಡ ಎಂದಿದ್ದಾನೆ. ನಿಮ್ಮ ಕಾಗದ ಒಂದೂ ತಲುಪಿಲ್ಲ ಎಂದೂ ಬರೆದಿದ್ದಾನೆ. ಮನೆಯವರು ಬರೆಯುತ್ತಲೇ ಇದ್ದರು, ಟಪಾಲು ಅವನನ್ನು ಮುಟ್ಟಲಿಲ್ಲ ಅಷ್ಟೆ. ವೈದ್ಯನಾಗಿ ಎಷ್ಟೋ ಸಾವು ನೋಡಿದ್ದೇನೆ. ಆದರೂ ಈ ಒಂದು ವಿಷಯವನ್ನು ನನಗೆ ತಣ್ಣಗೆ ಓದಲು ಆಗುವುದಿಲ್ಲ.

ಆಮೇಲೆ ಜ್ವರ. ಕಾಯಿಲೆಯಾದರೂ ಸುಮಾರು ಎರಡು ವಾರ ಕಂದಕ ಬಿಟ್ಟು ಬರಲಿಲ್ಲ. ಅಕ್ಟೋಬರ್ 25ರಂದು ಗ್ಲೆನಾರ್ಟ್ ಕ್ಯಾಸಲ್ ಎಂಬ ಆಸ್ಪತ್ರೆ ಹಡಗಿಗೆ ಸೇರಿಸಿದರು. ಅದೇ ಸಂಜೆ ಹೃದಯ ನಿಂತಿತು.

ಈಗ ಹೇಳಿ, ಹವಾಲ್ದಾರರೇ. ಗುಂಡು ಹಾರಿಸಿದವನು ಒಬ್ಬನೆಂದು ತೋರಿಸಬಹುದು. ನೀರಿಲ್ಲದ ಕಂದಕ, ಮುಚ್ಚದ ಗುಂಡಿ, ಹೂಳದ ಹೆಣ, ಇವಕ್ಕೆ ಹೊಣೆ ಯಾರು? ಆ ನೆಲ ಹಿಡಿಯಿರಿ ಎಂಬ ಆಜ್ಞೆ ಇಲ್ಲದಿದ್ದರೆ ಆ ನೊಣ ಅವನ ತಟ್ಟೆಗೆ ಬರುತ್ತಿರಲಿಲ್ಲ. ಅವನನ್ನು ಕೊಂದದ್ದು ಯುದ್ಧವೇ.

ಆಸ್ಟ್ರೇಲಿಯಾ ಈ ಭೇದ ಮಾಡಲಿಲ್ಲ ಎಂಬುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಕಂಚಿನ ಫಲಕಗಳ ಮೇಲೆ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಹುದ್ದೆ ಬರೆದಿಲ್ಲ, ಸತ್ತದ್ದು ಹೇಗೆ ಎಂದೂ ಬರೆದಿಲ್ಲ. ಬೆಟಾಲಿಯನ್ನಿನ ಕೆಳಗೆ ಅಕ್ಷರಾನುಕ್ರಮದಲ್ಲಿ ಬರೀ ಹೆಸರು. ಗುಂಡಿಗೆ ಬಿದ್ದವನೂ ಜ್ವರಕ್ಕೆ ಬಿದ್ದವನೂ ಅಲ್ಲಿ ಪಕ್ಕಪಕ್ಕದಲ್ಲೇ ಇದ್ದಾರೆ.

ಆಗಲೇ ಟೈಫಾಯ್ಡ್ ಲಸಿಕೆ ಇತ್ತಲ್ಲವೇ? ಬೇಗ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದನೇ?
— ವೈದ್ಯಕೀಯ ವಿದ್ಯಾರ್ಥಿನಿ

ಇತ್ತು. ಸೈನಿಕರಿಗೆ ಹಾಕುತ್ತಲೂ ಇದ್ದರು. ಅದರಿಂದ ಲಕ್ಷಾಂತರ ಜೀವ ಉಳಿದಿದೆ. ಆದರೆ ಆಗಿನ ಲಸಿಕೆ ಟೈಫಾಯ್ಡ್ ಒಂದಕ್ಕೇ. ಅದರ ಸೋದರ ಜ್ವರಗಳಾದ ಪ್ಯಾರಾಟೈಫಾಯ್ಡ್ ಎ, ಬಿ ಎರಡನ್ನೂ ಸೇರಿಸಿದ ಲಸಿಕೆ ಬ್ರಿಟಿಷ್ ಪಡೆಗಳಿಗೆ ಬಂದದ್ದು 1916ರಲ್ಲಿ, ಗಲ್ಲಿಪೋಲಿ ಮುಗಿದ ಮೇಲೆ. ಸೈನ್ಯದ ಕಡತಗಳಲ್ಲಿ ಕಾಣುವ ‘ಎಂಟೆರಿಕ್’ ಎಂಬ ಹೆಸರಿನಡಿ ಇವೆಲ್ಲವೂ ಬರುತ್ತವೆ. ಜೊತೆಗೆ, ಲಸಿಕೆ ಹಾಕಿದ ಮೈಗೂ ಒಂದು ಮಿತಿ ಇದೆ. ದಿನವೂ ಅಷ್ಟು ಕೊಳಕು ಹೊಟ್ಟೆ ಸೇರಿದರೆ ಆ ರಕ್ಷಣೆ ಸೋಲಬಹುದು.

ಮದ್ದಿನ ಮಾತಿಗೆ ಬಂದರೆ, ಈ ಜ್ವರದ ಮೇಲೆ ನೇರವಾಗಿ ಕೆಲಸ ಮಾಡಿದ ಮೊದಲ ಔಷಧ ಕ್ಲೋರಾಂಫೆನಿಕಾಲ್ ಬಂದದ್ದು 1948ರಲ್ಲಿ. 1915ರಲ್ಲಿದ್ದ ಚಿಕಿತ್ಸೆ ಎಂದರೆ ಆರೈಕೆಯೇ: ಹಾಸಿಗೆ ಬಿಟ್ಟು ಏಳಗೊಡದೆ ಮಲಗಿಸುವುದು, ಗಂಜಿಯಂಥ ತೆಳು ಆಹಾರ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು, ಗುಟುಕು ಗುಟುಕಾಗಿ ನೀರು. ಇಷ್ಟರಿಂದಲೇ ಎಷ್ಟೋ ಜನ ಎದ್ದು ಕೂತಿದ್ದಾರೆ. ಈ ಜ್ವರ ಮೆಲ್ಲಗೆ ಏರುತ್ತದೆ, ಎರಡನೇ, ಮೂರನೇ ವಾರಕ್ಕೆ ಕರುಳಿನಲ್ಲಿ ಹುಣ್ಣು, ರಕ್ತಸ್ರಾವ. ವಿಷ ಹೃದಯದ ಸ್ನಾಯುವಿಗೂ ತಟ್ಟುತ್ತದೆ. ಆ ದಿನಗಳಲ್ಲಿ ರೋಗಿ ಎದ್ದು ಓಡಾಡುವುದೇ ಅಪಾಯ. ಜಿಮ್ ಓಡಾಡಿದ್ದಷ್ಟೇ ಅಲ್ಲ, ಬಂದೂಕು ಹಿಡಿದು ಕಂದಕದಲ್ಲಿ ನಿಂತಿದ್ದ. ಅದೂ ಇನ್ನೂ ಬೆಳೆಯುತ್ತಿದ್ದ ಮೈ. ಮೊದಲ ವಾರದಲ್ಲೇ ಹಾಸಿಗೆ ಸಿಕ್ಕಿದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ನೀವು ಮುಂದೆ ರೋಗಿಗಳನ್ನು ನೋಡುವವರು, ಅದಕ್ಕೆ ಇದನ್ನೂ ಹೇಳುತ್ತೇನೆ. ‘ನನಗೇನೂ ಆಗಿಲ್ಲ’ ಎನ್ನುವ ಹದಿಹರೆಯದವನ ಮಾತನ್ನು ನಂಬಬೇಡಿ, ನಾಡಿ ಹಿಡಿದು ನೋಡಿ.

ತಾಯಿಗೆ ಸುದ್ದಿ ಹೇಗೆ ಮುಟ್ಟಿತು? ಅವನ ಸಮಾಧಿ ಎಲ್ಲಿದೆ?
— ಹಲವರು ಕೇಳಿದ್ದಾರೆ

ಸಮಾಧಿ ಇಲ್ಲ. ಹಡಗಿನಲ್ಲಿ ತೀರಿಕೊಂಡದ್ದರಿಂದ ಸಮುದ್ರಕ್ಕೇ ಒಪ್ಪಿಸಿದರು. ಗಲ್ಲಿಪೋಲಿಯ ಲೋನ್ ಪೈನ್ ಸ್ಮಾರಕದ ಗೋಡೆಯಲ್ಲಿ ಅವನ ಹೆಸರಿದೆ. ಗೊತ್ತಾದ ಸಮಾಧಿಯಿಲ್ಲದವರ ಹೆಸರುಗಳ ಜೊತೆಗೆ, ಕಾಯಿಲೆಯಿಂದಲೋ ಗಾಯದಿಂದಲೋ ಹಡಗಿನಲ್ಲಿ ಸತ್ತು ಸಮುದ್ರದ ಪಾಲಾದವರ ಹೆಸರುಗಳನ್ನೂ ಅಲ್ಲಿ ಕೆತ್ತಿದ್ದಾರೆ.

ಆ ಕಾಲದ ಆಸ್ಟ್ರೇಲಿಯಾದಲ್ಲಿ ಸಾವಿನ ತಂತಿಯನ್ನು ಸಾಮಾನ್ಯವಾಗಿ ಊರಿನ ಪಾದ್ರಿಯ ಕೈಲಿ ಕಳಿಸುತ್ತಿದ್ದರು. ಮಕ್ಕಳನ್ನು ಯುದ್ಧಕ್ಕೆ ಕಳಿಸಿದ ಬೀದಿಯಲ್ಲಿ ಪಾದ್ರಿ ಕಾಣಿಸಿದರೆ ಸಾಕು, ಯಾರ ಮನೆಯ ಮುಂದೆ ನಿಲ್ಲುತ್ತಾನೋ ಎಂದು ಕಿಟಕಿಗಳ ಹಿಂದೆ ಎಲ್ಲರ ಜೀವ ಬಾಯಿಗೆ ಬರುತ್ತಿತ್ತು. ಜಿಮ್‌ನ ತಾಯಿಗೆ ಹಡಗಿನ ಮುಖ್ಯ ದಾದಿಯೂ ಕಾಗದ ಬರೆದಳು. ದಿನವೂ ಗಾಯಾಳುಗಳು ಬಂದು ತುಂಬುವ ಹಡಗಿನಲ್ಲಿ, ಕೆಲವೇ ಗಂಟೆ ತನ್ನ ಕೈಕೆಳಗಿದ್ದ ಹುಡುಗನ ಮನೆಗೆ ಕೂತು ಬರೆದವಳು ಅವಳು. ನನ್ನ ಮಟ್ಟಿಗೆ ಈ ಕಥೆಯಲ್ಲಿ ನಮಸ್ಕರಿಸಬೇಕಾದವರಲ್ಲಿ ಅವಳೂ ಒಬ್ಬಳು. ಅದೇ ಹಡಗನ್ನು 1918ರ ಫೆಬ್ರವರಿಯಲ್ಲಿ ಜರ್ಮನ್ ಜಲಾಂತರ್ಗಾಮಿ ಬ್ರಿಸ್ಟಲ್ ಕಡಲ್ಗಾಲುವೆಯಲ್ಲಿ ಮುಳುಗಿಸಿತು.

ಯುದ್ಧದ ನಂತರ, ಸತ್ತ ಪ್ರತಿಯೊಬ್ಬ ಸೈನಿಕನ ಮನೆಗೂ ಅವನ ಹೆಸರಿರುವ ಕಂಚಿನ ಬಿಲ್ಲೆ ಬಂತು. ಅಂಗೈಗಿಂತ ಸ್ವಲ್ಪ ದೊಡ್ಡದು. ‘ಸತ್ತವನ ಪೆನ್ನಿ’ ಎಂದು ಜನ ಕರೆದರು. ಕಾಯಿಲೆಯಿಂದ ಸತ್ತವರ ಮನೆಗೂ ಅದೇ ಬಿಲ್ಲೆ.

ಹೀಗೆ ಕಾಯಿಲೆಯಿಂದ ಸತ್ತ ಆಸ್ಟ್ರೇಲಿಯಾದ ಸೈನಿಕರು ಬಹಳ ಮಂದಿಯೇ?
— ಬ್ಯಾಂಕ್ ಉದ್ಯೋಗಿ

ಹೌದು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಸತ್ತ ಸುಮಾರು 600 ಆಸ್ಟ್ರೇಲಿಯನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಒಯ್ದದ್ದು ಕಾಯಿಲೆ, ಮುಖ್ಯವಾಗಿ ಇದೇ ಟೈಫಾಯ್ಡ್. ಒಂದನೇ ಮಹಾಯುದ್ಧದಲ್ಲಿ ಸತ್ತ ಸುಮಾರು 60,000 ಮಂದಿಯಲ್ಲಿ ಬಹುಪಾಲು ಜನ ಗುಂಡು, ಶೆಲ್‌ಗಳಿಗೇ ಬಲಿಯಾದರು. ಆದರೂ ಕಾಯಿಲೆಯ ಪಾಲು ಸಣ್ಣದಲ್ಲ. 1918ರ ಅಕ್ಟೋಬರ್‌ನಲ್ಲಿ ಡಮಾಸ್ಕಸ್ ಹಿಡಿದ ಆಸ್ಟ್ರೇಲಿಯಾದ ಅಶ್ವದಳದವರು, ಗೆದ್ದ ಊರಿನಲ್ಲೇ ಮಲೇರಿಯಾ, ಇನ್‌ಫ್ಲುಯೆಂಜಾ ತಗುಲಿ ಸಾಲುಸಾಲಾಗಿ ಮಲಗಿದರು. ಹೈಫಾದಲ್ಲಿ ಹೋರಾಡಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಆಗ ಇದ್ದದ್ದು ಅದೇ ಸೇನೆಯಲ್ಲಿ, ಆಸ್ಟ್ರೇಲಿಯಾದ ಜನರಲ್ ಹ್ಯಾರಿ ಶೊವೆಲ್ ಕೈಕೆಳಗೆ.

ಇಂಗ್ಲೆಂಡಿನ ಸಟನ್ ವೀನಿ ಎಂಬ ಹಳ್ಳಿಯ ಚರ್ಚ್ ಆವರಣದಲ್ಲಿ ಆಸ್ಟ್ರೇಲಿಯನ್ನರ ಸಮಾಧಿಗಳ ಸಾಲಿದೆ. ಅವರಲ್ಲಿ ಅನೇಕರು ಇನ್‌ಫ್ಲುಯೆಂಜಾದಿಂದ ಸತ್ತವರು, ಎಷ್ಟೋ ಮಂದಿ ಯುದ್ಧ ಮುಗಿದು ಊರಿಗೆ ಹೋಗುವ ಹಡಗಿಗೆ ಕಾಯುತ್ತಿದ್ದಾಗಲೇ. ಪ್ರತಿವರ್ಷ ಆನ್‌ಝ್ಯಾಕ್ ದಿನದ, ಅಂದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ತಮ್ಮ ಸೈನಿಕರನ್ನು ನೆನೆಯುವ ದಿನದ ಸ್ಮರಣೆಗೆ ಆ ಹಳ್ಳಿಯ ಶಾಲೆಯ ಮಕ್ಕಳು ಅಲ್ಲಿ ಹೂವಿಡುತ್ತಾರೆ.

ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಇಂಥ ಒಬ್ಬ ಸೈನಿಕನ ಮೂಲ ದಾಖಲೆ ತೋರಿಸಬೇಕೆಂದಿದೆ. ಸಿಗುತ್ತದೆಯೇ?
— ಪ್ರೌಢಶಾಲೆಯ ಇತಿಹಾಸ ಶಿಕ್ಷಕಿ

ಖಂಡಿತ ಸಿಗುತ್ತದೆ, ದುಡ್ಡೂ ಕೊಡಬೇಕಿಲ್ಲ. ನ್ಯಾಷನಲ್ ಆರ್ಕೈವ್ಸ್ ಆಫ್ ಆಸ್ಟ್ರೇಲಿಯಾ ಸಂಸ್ಥೆ ಒಂದನೇ ಮಹಾಯುದ್ಧದ ಸೈನಿಕರ ಸೇವಾ ಕಡತಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದೆ. ಸರಣಿಯ ಸಂಖ್ಯೆ ಬಿ2455. ಸೇರ್ಪಡೆಯ ಅರ್ಜಿ, ಎತ್ತರ, ತೂಕ, ಕಣ್ಣಿನ ಬಣ್ಣ, ಆಸ್ಪತ್ರೆಗೆ ಸೇರಿದ ದಿನ, ಮನೆಯವರೊಡನೆ ಇಲಾಖೆ ನಡೆಸಿದ ಪತ್ರವ್ಯವಹಾರ, ಎಲ್ಲ ಅದರಲ್ಲಿ ಬರುತ್ತದೆ. ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ತಾಣದಲ್ಲಿ ಇನ್ನೊಂದು ಬಗೆಯ ಕಾಗದವಿದೆ. ಯುದ್ಧದ ನಂತರ ಸತ್ತವರ ಮನೆಗಳಿಗೆ ಒಂದು ಅರ್ಜಿ ಕಳಿಸಿ, ಹುಟ್ಟಿದ ಊರು, ಓದಿದ ಶಾಲೆ, ಮಾಡುತ್ತಿದ್ದ ಕೆಲಸ, ಸಾಯುವಾಗಿನ ವಯಸ್ಸು ಎಲ್ಲ ಕೇಳಿದ್ದರು. ಅಪ್ಪನೋ ಅಮ್ಮನೋ ಸ್ವಂತ ಕೈಯಲ್ಲಿ ತುಂಬಿ ಕಳಿಸಿದ ಅರ್ಜಿಗಳು ಅವು.

ಮಕ್ಕಳಿಗೆ ಮೊದಲು ಸೇರ್ಪಡೆಯ ಅರ್ಜಿ ಕೊಡಿ, ವಯಸ್ಸು ಬರೆದ ಜಾಗ ಹುಡುಕಲು ಹೇಳಿ. ಮನೆಯವರು ತುಂಬಿದ ಅರ್ಜಿ ಆಮೇಲೆ ಕೊಡಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ, ನೀವು ಪಾಠ ಮಾಡಬೇಕಾದ ಅಗತ್ಯವೇ ಬೀಳಲಾರದು. ಕಡತಗಳಲ್ಲಿ ಆ ಕಾಲದ ಕೈಬರಹ, ಸೈನ್ಯದ ಸಂಕ್ಷೇಪಾಕ್ಷರ ತುಂಬ ಇರುತ್ತವೆ. ಓದಲು ತೊಡಕಾದ ಪುಟವಿದ್ದರೆ ಪ್ರತಿ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ವೈದ್ಯಕೀಯ ಭಾಗವನ್ನು ನಾನು ಬಿಡಿಸಿ ಬರೆದುಕೊಡುತ್ತೇನೆ.