ತನಗೆ ತಾನೇ ಬಹುವಚನ

ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದ ಗಾಲ್ಫ್ ಆಟಗಾರರೊಬ್ಬರಿಗೆ ಮೊದಲ ಭೇಟಿಯಲ್ಲಿ ನಾನು ಒಂದು ಹಾಳೆ ಕೊಟ್ಟು, ಕಳೆದ ಪಂದ್ಯದಲ್ಲಿ ತಮಗೆ ತಾವೇ ಹೇಳಿಕೊಂಡ ಮಾತುಗಳನ್ನು ಇದ್ದ ಹಾಗೆಯೇ ಬರೆಯಲು ಹೇಳಿದೆ. ಅವರು ಬರೆದದ್ದು ನಾಲ್ಕು ಸಾಲು. ‘ಥೂ ನಿನ್ನ. ಇಷ್ಟು ಹತ್ತಿರದ್ದನ್ನೂ ಹಾಕಲಾರೆಯಾ? ನಿನ್ನ ಹಣೆಬರಹವೇ ಇಷ್ಟು. ಬ್ಯಾಗು ಹೊರುವವನು ಬ್ಯಾಗು ಹೊತ್ತುಕೊಂಡೇ ಇರಬೇಕಿತ್ತು.’ ಕೊನೆಯ ಸಾಲು ಬರೆದು ಪೆನ್ನನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿ ಕುಳಿತರು.

ಅವರನ್ನು ಶಿವು ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಸಿಗುವಂತಹ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಇಪ್ಪತ್ತೊಂಬತ್ತು. ತಂದೆ ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಶಿವು ಹದಿನಾಲ್ಕನೆಯ ವಯಸ್ಸಿಗೆ ಅಲ್ಲಿಯೇ ಕ್ಯಾಡಿಯಾದರು, ಅಂದರೆ ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವವರು. ಸದಸ್ಯರೊಬ್ಬರು ಕೊಟ್ಟ ಹಳೆಯ ಐರನ್ ಕ್ಲಬ್‌ಗಳಲ್ಲಿ, ಅಂದರೆ ಚೆಂಡು ಹೊಡೆಯುವ ಕೋಲುಗಳಲ್ಲಿ, ಆಡಲು ಕಲಿತು ಐದು ವರ್ಷಗಳ ಹಿಂದೆ ವೃತ್ತಿಪರರಾದರು. ಬೆಳಗ್ಗೆ ಅಭ್ಯಾಸ, ಸಂಜೆ ಮಕ್ಕಳಿಗೆ ಪಾಠ, ಹಣ ಕೂಡಿದಾಗ ಪಂದ್ಯ. ವೃತ್ತಿಪರ ಪಂದ್ಯಗಳಲ್ಲಿ ಎರಡು ದಿನದ ಆಟದ ನಂತರ ‘ಕಟ್’ ಇರುತ್ತದೆ, ಸ್ಕೋರಿನಲ್ಲಿ ಹಿಂದುಳಿದವರನ್ನು ಹೊರಗಿಡುವ ಗೆರೆ. ಅದನ್ನು ದಾಟದವರಿಗೆ ಬಹುಮಾನದ ಹಣವಿಲ್ಲ. ಪ್ರವೇಶ ಶುಲ್ಕ, ರೈಲು, ಕೋಣೆ, ಎಲ್ಲವೂ ಕೈಯಿಂದ ಹೋದಂತೆಯೇ. ಶಿವು ಸತತ ಏಳು ಪಂದ್ಯಗಳಲ್ಲಿ ಕಟ್ ದಾಟಿರಲಿಲ್ಲ, ಮೂರರಲ್ಲಿ ಒಂದೇ ಹೊಡೆತದಿಂದ ತಪ್ಪಿತ್ತು.

ಇಂತಹವರು ಬಂದಾಗ ನಾನು ಆಟದ ಮಾತಿಗಿಂತ ಮೊದಲು ನಿದ್ರೆ, ಊಟ, ಕುಡಿತದ ಬಗ್ಗೆ ಕೇಳುತ್ತೇನೆ. ಸಾಯಬೇಕು ಎನಿಸಿದೆಯೇ ಎಂದೂ ನೇರವಾಗಿ ಕೇಳುತ್ತೇನೆ. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ. ಶಿವುವಿಗೆ ಆ ಯೋಚನೆ ಇರಲಿಲ್ಲ, ಪಂದ್ಯದ ಹಿಂದಿನ ರಾತ್ರಿಗಳ ನಿದ್ರೆ ಮಾತ್ರ ಕೆಟ್ಟಿತ್ತು. ಆ ಯೋಚನೆ ಇದ್ದಿದ್ದರೆ ಗಾಲ್ಫನ್ನು ಬದಿಗಿಟ್ಟು ಅವರನ್ನು ಮನೋವೈದ್ಯರಲ್ಲಿಗೆ ಕಳುಹಿಸುತ್ತಿದ್ದೆ. ಆದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಎಲ್ಲರಿಗೂ ಕೊಡುತ್ತೇನೆ.

ಗಾಲ್ಫ್ ನೋಡದವರಿಗೆ ಒಂದು ಮಾತು. ಚೆಂಡನ್ನು ಹೊಡೆಯುತ್ತ ಹೋಗಿ ಬಾವುಟ ನೆಟ್ಟ ಕುಳಿಗೆ ಹಾಕಿದರೆ ಒಂದು ಹೋಲ್ ಮುಗಿದಂತೆ. ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು ಗ್ರೀನ್, ಅಲ್ಲಿ ಚೆಂಡನ್ನು ಉರುಳಿಸುವ ಮೆಲು ಹೊಡೆತ ಪಟ್. ಹದಿನೆಂಟು ಹೋಲ್‌ಗಳ ಆಟಕ್ಕೆ ನಾಲ್ಕು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಹೊಡೆತಗಳು ಸುಮಾರು ಎಪ್ಪತ್ತು, ಒಂದೊಂದಕ್ಕೆ ಒಂದೆರಡು ಸೆಕೆಂಡು. ಅಂದರೆ ದೇಹ ಆಡುವುದು ಕೆಲವೇ ನಿಮಿಷ, ಮಿಕ್ಕದ್ದೆಲ್ಲ ನಡಿಗೆ ಮತ್ತು ಕಾಯುವಿಕೆ. ಕ್ರಿಕೆಟ್‌ನಲ್ಲಿ ಚೆಂಡು ನಮ್ಮತ್ತ ಬರುತ್ತದೆ, ಯೋಚಿಸಲು ಬಿಡುವಿಲ್ಲ. ಇಲ್ಲಿ ಚೆಂಡು ಅಲುಗದೆ ಬಿದ್ದಿರುತ್ತದೆ. ನಾವು ಅದರತ್ತ ನಡೆದು ಹೋಗಬೇಕು, ನಮ್ಮ ತಲೆಯೊಳಗಿನ ಮಾತನ್ನು ಕೇಳಿಸಿಕೊಳ್ಳುತ್ತ.

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ, ಎಣಿಸಿ ಮಾತ್ರ ಎಂದೆ. ಬೈದುಕೊಂಡಾಗಲೆಲ್ಲ ಸ್ಕೋರ್ ಕಾರ್ಡಿನ ಅಂಚಿನಲ್ಲಿ ಒಂದು ಚುಕ್ಕೆ. ಮೊದಲ ಕಾರ್ಡಿನಲ್ಲಿ 31 ಚುಕ್ಕೆಗಳಿದ್ದವು. ಅವರ ಊಹೆಯಲ್ಲಿ ಅವೆಲ್ಲ ಕೆಟ್ಟ ಹೊಡೆತದ ಬೆನ್ನಿಗೇ ಬರಬೇಕಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ಚುಕ್ಕೆಗಳು ಮುಂದಿನ ಹೊಡೆತಕ್ಕೆ ನಡೆದು ಹೋಗುವ ದಾರಿಯಲ್ಲಿ ಬಿದ್ದಿದ್ದವು, ಅದೂ ಹನ್ನೆರಡನೆಯ ಹೋಲ್ ದಾಟಿದ ಮೇಲೆ. ಕಟ್ ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ತಲೆಯಲ್ಲಿ ಶುರುವಾಗುವುದೇ ಅಲ್ಲಿ. ಬೈಗುಳ ಹಳೆಯ ತಪ್ಪಿಗಾದರೂ ಅದರ ಏಟು ಬೀಳುತ್ತಿದ್ದದ್ದು ಮುಂದಿನ ಹೊಡೆತಕ್ಕೆ. ಹಿಡಿತ ಬಿಗಿಯುತ್ತಿತ್ತು, ಮುಂಗೈ ಗಟ್ಟಿಯಾಗುತ್ತಿತ್ತು, ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು, ಸ್ವಿಂಗ್ ಅವಸರದ್ದಾಗುತ್ತಿತ್ತು.

ಇನ್ನೊಂದು ಸಂಗತಿ ಅವರಿಗೇ ಅಚ್ಚರಿ ತಂದಿತು. ಸಹ ಆಟಗಾರರನ್ನು ಹೊಗಳುವುದು ಇಂಗ್ಲಿಷಿನಲ್ಲಿ. ತಮ್ಮನ್ನು ಬೈದುಕೊಳ್ಳುವುದು ಮಾತ್ರ ಕನ್ನಡದಲ್ಲಿ, ಅದೂ ಏಕವಚನದಲ್ಲಿ. ಅದು ಯಾರ ದನಿ ಎಂದು ಕೇಳಿದೆ. ಬಹಳ ಹೊತ್ತಿನ ನಂತರ, “ಅಪ್ಪನದು” ಎಂದರು. ಬೆಂಗಳೂರಿನ ಕ್ಯಾಡಿಗಳ ನಡುವೆ ಸಿ. ಮುನಿಯಪ್ಪನವರ ಹೆಸರು ದೊಡ್ಡದು. ಕ್ಯಾಡಿಯಾಗಿದ್ದ ಅವರು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಕಡೆಯ ಚಿಕ್ಕರಂಗಪ್ಪನವರೂ ಇಂತಹದೇ ದಾರಿಯಲ್ಲಿ ಬಂದವರು. ಮಗನಿಗೆ ಕನಸು ಕೊಟ್ಟದ್ದು ಈ ಹೆಸರುಗಳೇ. ಸೋತು ಬಂದ ಪ್ರತಿ ಸಂಜೆ ತಂದೆಯ ಬಾಯಲ್ಲಿ ಬರುತ್ತಿದ್ದದ್ದೂ ಅವೇ: “ಅವರಿಗೆ ಆದದ್ದು ನಿನಗೇಕೆ ಆಗುವುದಿಲ್ಲ?” ತಂದೆ ಕೆಟ್ಟವರಲ್ಲ. ಮಗನ ಮೇಲೆ ಇಟ್ಟ ಆಸೆಗೆ ಅವರಿಗೆ ಗೊತ್ತಿದ್ದ ಭಾಷೆ ಅದೊಂದೇ.

ಯಾರೋ ಹಿಂದೆ ಶಿವುವಿಗೆ, ‘ನಾನು ಶ್ರೇಷ್ಠ ಆಟಗಾರ’ ಎಂದು ದಿನಕ್ಕೆ ನೂರು ಸಲ ಹೇಳಿಕೊಳ್ಳಲು ಹೇಳಿದ್ದರಂತೆ. “ಏಳು ಕಟ್ ತಪ್ಪಿದವನು ಹಾಗೆ ಹೇಳಿದರೆ ನನಗೇ ನಂಬಿಕೆ ಬರುವುದಿಲ್ಲ ಮೇಡಂ” ಎಂದರು. ಅವರ ಮಾತು ಸರಿ. ಮನಸ್ಸು ನಂಬದ ಹೊಗಳಿಕೆ ಅದರೊಂದಿಗೆ ಇನ್ನೊಂದು ಜಗಳ ತೆಗೆಯುತ್ತದೆ. ‘ನೀರಿಗೆ ಹೊಡೆಯಬೇಡ’ ಎಂಬ ಎಚ್ಚರಿಕೆಯೂ ಕೈಕೊಡುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಟ್ ಮಾಡುವವರಿಗೆ ಗುರಿ ದಾಟಿಸಬೇಡಿ ಎಂದು ಹೇಳಲಾಗಿತ್ತು. ತಲೆಯಲ್ಲಿ ಒಂದು ಸಂಖ್ಯೆಯನ್ನೂ ನೆನಪಿಟ್ಟುಕೊಂಡು ಆಡಬೇಕಾಗಿ ಬಂದಾಗ ಅವರು ಬೇಡವೆಂದದ್ದನ್ನೇ ಮಾಡಿದರು, ಚೆಂಡು ಗುರಿ ದಾಟಿ ಹೋಯಿತು. ಕಟ್‌ನ ಲೆಕ್ಕ ಹೊತ್ತು ಆಡುವ ಶಿವುವಿನ ಸ್ಥಿತಿಯೂ ಅದೇ.

ನಾಲ್ಕನೆಯ ಭೇಟಿಯಲ್ಲಿ ನಾನು ಅವರ ಕ್ಯಾಡಿ ದಿನಗಳನ್ನು ಕೇಳಿದೆ. ನಿಮ್ಮ ಸಾಹೇಬರು ಚೆಂಡನ್ನು ನೀರಿಗೆ ಹೊಡೆದಾಗ ಏನು ಹೇಳುತ್ತಿದ್ದಿರಿ? ಅವರ ಬೆನ್ನು ನೆಟ್ಟಗಾಯಿತು, ದನಿಯೂ ಬದಲಾಯಿತು.

“ಮೊದಲು ಏನೂ ಹೇಳುವುದಿಲ್ಲ ಮೇಡಂ. ಕ್ಲಬ್ ಇಸಿದುಕೊಂಡು ಒರೆಸುತ್ತೇನೆ. ಅಷ್ಟು ಹೊತ್ತು ಅವರ ಸಿಟ್ಟು ಅವರದು. ಆಮೇಲೆ, ‘ಹೋಗಲಿ ಬಿಡಿ ಸರ್. ಇಲ್ಲಿ ಇನ್ನೊಂದು ಚೆಂಡು ಬಿಟ್ಟು ಡ್ರಾಪ್ ತೆಗೆದುಕೊಳ್ಳಿ. ಬಾವುಟಕ್ಕೆ ನೂರ ಮೂವತ್ತು ಗಜ, ಎದುರು ಗಾಳಿ. ಗ್ರೀನಿನ ನಡುವಿಗೆ ನೋಡಿ ಹೊಡೆಯಿರಿ’ ಎನ್ನುತ್ತೇನೆ.”

“ಅಷ್ಟು ವರ್ಷಗಳಲ್ಲಿ ಯಾರಿಗಾದರೂ ‘ಥೂ ನಿನ್ನ’ ಎಂದದ್ದು ಉಂಟೇ?”

“ಛೆ! ಹಾಗೆಂದರೆ ಅವರು ಮುಂದಿನ ಹೊಡೆತ ಹೇಗೆ ಹೊಡೆಯುತ್ತಾರೆ?”

ಹೇಳಿದ ಕೂಡಲೇ ಅವರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ.

ನನ್ನ ಸಲಹೆ ಹುಟ್ಟಿದ್ದು ಅಲ್ಲಿಂದಲೇ. ಹೊಸದಾಗಿ ಏನನ್ನೂ ಕಲಿಸಬೇಕಿರಲಿಲ್ಲ. ನಿಮ್ಮ ಆಟಕ್ಕೆ ನೀವೇ ಕ್ಯಾಡಿಯಾಗಿ, ನಿಮಗೂ ಬಹುವಚನ ಕೊಟ್ಟು ಮಾತನಾಡಿ ಎಂದೆ. ತನ್ನನ್ನು ಹೆಸರಿನಿಂದ ಅಥವಾ ‘ನೀನು’ ಎಂದು ಹೊರಗಿನವರಂತೆ ಕರೆದುಕೊಂಡರೆ ಒತ್ತಡ ತುಸು ಹತೋಟಿಗೆ ಬರುತ್ತದೆ ಎಂದು ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನ ಹೇಳುತ್ತದೆ. ಆದರೆ ಅಲ್ಲಿನ ಇಂಗ್ಲಿಷಿಗೆ ಏಕವಚನ, ಬಹುವಚನದ ಭೇದವಿಲ್ಲ. ಶಿವುವಿನ ‘ನೀನು’ ಆಗಲೇ ಬೈಗುಳದ ಸ್ವತ್ತಾಗಿತ್ತು. ‘ನೀವು’ ಎಂದಾಗ ಮಾತ್ರ ಅವರ ಬಾಯಿ ತಾನಾಗಿ ಮೆತ್ತಗಾಗುತ್ತಿತ್ತು. ‘ಥೂ ನಿಮ್ಮ’ ಎಂದು ಬೈಯಲು ನಾಲಗೆ ಹೊರಳುವುದಿಲ್ಲ.

ಕ್ರಮ ಅವರ ಕಸುಬಿನದೇ. ಕೆಟ್ಟ ಹೊಡೆತವಾದರೆ ಕ್ಲಬ್ ಒರೆಸುವಷ್ಟು ಹೊತ್ತು ನೋವುಪಡಲು ಬಿಡುವು. ಸಿಟ್ಟನ್ನು ಅದುಮಿಡಬೇಕಿಲ್ಲ. ಕ್ಲಬ್ ಚೀಲಕ್ಕೆ ಸೇರಿದ ಮೇಲೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತ ನಡೆಯುವುದು. ಚೆಂಡಿನ ಬಳಿ ಕ್ಯಾಡಿಯ ಮಾತು: ಎಷ್ಟು ಗಜ, ಗಾಳಿ ಯಾವ ಕಡೆ, ಎಲ್ಲಿಗೆ ನೋಡಿ ಹೊಡೆಯಬೇಕು. ‘ನೀರಿಗೆ ಬೇಡ’ ಎಂಬ ಮಾತಿಗೆ ಬದಲು ‘ಆ ಮರದ ಎಡಗಡೆಯ ಕೊಂಬೆಗೆ’. ಬೈಗುಳ ಮತ್ತೆ ಬಂದರೆ ಅದರೊಂದಿಗೆ ವಾದಕ್ಕಿಳಿಯದೆ ಚುಕ್ಕೆ ಹಾಕಿ ಗಜದ ಲೆಕ್ಕಕ್ಕೆ ಹಿಂತಿರುಗುವುದು.

ಬೈಗುಳದೊಳಗಿನ ಸುಳ್ಳನ್ನೂ ಒಂದು ದಿನ ತೆಗೆದು ನೋಡಿದೆವು. ‘ಇಷ್ಟು ಹತ್ತಿರದ್ದು’ ಎಂದರೆ ಎಷ್ಟು ಎಂದು ಕೇಳಿದೆ. ಹೆಚ್ಚಿನವು ಏಳೆಂಟು ಅಡಿಯ ಪಟ್‌ಗಳು. ಅಮೆರಿಕದ ಪಿಜಿಎ ಟೂರ್‌ನ ಆಟಗಾರರು ಮೂರಡಿಯ ಪಟ್‌ಗಳನ್ನು ನೂರಕ್ಕೆ ಸುಮಾರು 96ರಷ್ಟು ಹಾಕುತ್ತಾರೆ. ಎಂಟಡಿಗೆ ಬರುವಷ್ಟರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಜಗತ್ತಿನ ಅತ್ಯುತ್ತಮರು ಎರಡರಲ್ಲಿ ಒಂದನ್ನು ತಪ್ಪಿಸುವ ದೂರಕ್ಕೆ ಈ ಹುಡುಗ ತನ್ನ ಹಣೆಬರಹವನ್ನೇ ಹಳಿದುಕೊಳ್ಳುತ್ತಿದ್ದ. ಅದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು.

ಆದರೆ ಅವರ ಎಲ್ಲ ಯೋಚನೆಗಳೂ ಸುಳ್ಳಲ್ಲ. ‘ಈ ತಿಂಗಳ ಬಾಡಿಗೆ ಹೇಗೆ’ ಎಂಬುದು ನಿಜವಾದ ಪ್ರಶ್ನೆ. ಬಡತನದ ಚಿಂತೆಯನ್ನು ಮನಸ್ಸಿನ ದೋಷವೆಂದು ಕರೆಯುವ ಆಪ್ತಸಲಹೆಯನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಬೇಕಾದದ್ದು ಕಾಗದ, ಪೆನ್ನು ಮತ್ತು ಹೆಂಡತಿಯ ಜೊತೆಗಿನ ಮಾತು. ಇಬ್ಬರೂ ನನ್ನೆದುರು ಕುಳಿತು ಲೆಕ್ಕ ಹಾಕಿದರು: ಈ ವರ್ಷ ಆರು ಪಂದ್ಯ, ಅದಕ್ಕಿಂತ ಹೆಚ್ಚಿಲ್ಲ, ಸಾಲ ಮಾಡುವಂತಿಲ್ಲ. ನಿರ್ಧಾರ ಮನೆಯಲ್ಲೇ ಆದ ಮೇಲೆ ಗ್ರೀನಿನ ಮೇಲೆ ಅದನ್ನು ಮತ್ತೆ ತೆರೆಯುವ ಕೆಲಸ ಉಳಿಯಲಿಲ್ಲ. ತಂದೆಯೊಡನೆ ಮಾತನಾಡುವುದನ್ನು ಶಿವು ತಾವೇ ವಹಿಸಿಕೊಂಡರು. ಸೋತ ದಿನ ಆಟದ ಮಾತು ಬೇಡ, ಮರುದಿನ ಕೇಳಿ ಅಪ್ಪ ಎಂದರಂತೆ. ತಂದೆ ಒಪ್ಪಿದರು, ಒಂದೆರಡು ಸಲ ಮರೆತರು.

ಐದು ತಿಂಗಳಲ್ಲಿ ಹನ್ನೊಂದು ಭೇಟಿಗಳಾದವು. ಆರರ ಪೈಕಿ ಮೂರು ಪಂದ್ಯ ಆಡಿದರು, ಒಂದರಲ್ಲಿ ಕಟ್ ದಾಟಿದರು. ಇತ್ತೀಚಿನ ಕಾರ್ಡಿನಲ್ಲಿ ಒಂಬತ್ತು ಚುಕ್ಕೆಗಳಿವೆ. ಹದಿನಾಲ್ಕನೆಯ ಹೋಲ್‌ನಲ್ಲಿ ಮೂರು ಒಟ್ಟಿಗೇ ಬಿದ್ದಿವೆ. ಅಲ್ಲಿ ಮರಳು ತುಂಬಿದ ಬಂಕರಿನಿಂದ ಎರಡು ಸಲ ಹೊಡೆದರೂ ಚೆಂಡು ಹೊರಬಂದಿರಲಿಲ್ಲ. “ಕ್ಲಬ್ ಒರೆಸಿದ್ದು ಸಾಲಲಿಲ್ಲ ಮೇಡಂ, ಬೂಟನ್ನೂ ಒರೆಸಿದೆ” ಎಂದರು.

ಕೊನೆಯ ಭೇಟಿಯಲ್ಲಿ ಅವರು ಕೇಳಿದ್ದು ತಮ್ಮ ಬಗ್ಗೆ ಅಲ್ಲ. ಸಂಜೆಯ ಪಾಠಕ್ಕೆ ಬರುವ ಒಂಬತ್ತು, ಹತ್ತು ವರ್ಷದ ಮಕ್ಕಳ ಹಿಂದೆ ತಂದೆತಾಯಂದಿರು ನಿಂತು ಕೂಗುತ್ತಾರೆ. ಆ ಮಕ್ಕಳು ಈಗಲೇ ತುಟಿಯಲ್ಲಿ ಏನೋ ಗೊಣಗಿಕೊಳ್ಳಲು ಕಲಿತಿದ್ದಾರೆ, ಏನು ಮಾಡಲಿ ಎಂದರು. ಇಬ್ಬರೂ ಕೂಡಿ ಯೋಚಿಸಿದೆವು. ಈಗ ಹೊಸದಾಗಿ ಸೇರುವ ಪ್ರತಿ ಮಗುವೂ ಮೊದಲ ವಾರ ಕ್ಲಬ್ ಬೀಸುವುದಿಲ್ಲ. ಶಿವುವಿನ ಸಣ್ಣ ಚೀಲ ಹೊತ್ತು ಮೂರು ಹೋಲ್ ನಡೆಯುತ್ತದೆ. ಅವರು ಬೇಕೆಂದೇ ಒಂದು ಕೆಟ್ಟ ಹೊಡೆತ ಹೊಡೆದು ಮಗುವಿನ ಮುಖ ನೋಡುತ್ತಾರೆ. ಮಗು ಕ್ಲಬ್ ಇಸಿದುಕೊಂಡು ಒರೆಸಿ, ಬಾವುಟದ ಕಡೆ ಕಣ್ಣು ಕಿರಿದುಗೊಳಿಸಿ ನೋಡಿ, “ಹೋಗಲಿ ಬಿಡಿ ಸರ್, ಇನ್ನು ಎಪ್ಪತ್ತು ಗಜ ಇದೆ” ಎನ್ನಬೇಕು.